ಒಂಬತ್ತನೆಯ ಸೀಸೆ

ಮುಂಬಯಿ
೧೨-೭-೧೯೫೭

ಪ್ರಿಯ ಪುಟ್ಟಮಾದಯ್ಯ,

ಕಾಗದ ಯಾರದೆಂದು ತಿಳಿಯಲು ನೀನು ಮೊದಲು ಕೊನೆಯ ಪುಟ ತಿರುವಿ ನೋಡಿರುತ್ತೀಯೆ. ಹೌದು, ಸೋರೆಹುಂಡಿಯ ಮೇಲಿನ ಬೀದಿಯ ಗುರುಮಲ್ಲಪ್ಪನೇ. ಗುಂಡ್ಲುಪೇಟೆ ಮಿಡಲ್ ಸ್ಕೂಲಿಗೆ ನಿನ್ನ ಜೊತೆ ನಾಲ್ಕು ಮೈಲಿ ನಡೆಯುತ್ತಿದ್ದವನು. ಇಪ್ಪತ್ತೆಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಈಗ ಯಾಕೆ ಎಂಬುದಕ್ಕೆ ಇದೆ.

ಮಳೆಮಾಪಕಗಳ ಪಟ್ಟಿ ನೋಡುತ್ತಿದ್ದೆ. 'ಗುಂಡ್ಲುಪೇಟೆ: ವೀಕ್ಷಕ, ಎಸ್. ಪುಟ್ಟಮಾದಯ್ಯ, ಪ್ರೈಮರಿ ಶಾಲೆ ಉಪಾಧ್ಯಾಯ' ಎಂದಿತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಆ ತಾಮ್ರದ ಡಬ್ಬಿಯ ಬೀಗ ತೆಗೆದು ಮಳೆ ಅಳೆಯುವವನು ನೀನು ಎಂದು ತಿಳಿದು ಆ ಸಾಲನ್ನು ಇನ್ನೊಮ್ಮೆ ಓದಿದೆ.

ಈ ತಿಂಗಳಿಂದ ಅರವತ್ತಕ್ಕೂ ಹೆಚ್ಚು ದೇಶಗಳು ಸೇರಿ ಒಂದೂವರೆ ವರ್ಷ ಭೂಮಿಯನ್ನು ಅಳೆಯುತ್ತಿವೆ. ಕೆಲವರು ಹಿಮ ಅಳೆಯುತ್ತಾರೆ, ಕೆಲವರು ಸಮುದ್ರದ ಆಳ. ನಮ್ಮ ಪ್ರಯೋಗಶಾಲೆಯ ಪಾಲಿಗೆ ಬಂದದ್ದು ನೀರು. ಮನುಷ್ಯ ಅದಕ್ಕೆ ಏನು ಮಾಡಿದ್ದಾನೆ ಎಂಬುದು. ಎಲ್ಲೋ ದ್ವೀಪದಲ್ಲಿ ದೊಡ್ಡ ಬಾಂಬು ಸಿಡಿಸಿದಾಗ ಒಂದು ಬಗೆಯ ಭಾರದ ಜಲಜನಕ ಹುಟ್ಟಿ ಆಕಾಶಕ್ಕೆ ಏರುತ್ತದೆ. ಅಲ್ಲೇ ನೀರಾಗಿ, ಯಾವ ಊರೆಂದು ಕೇಳದೆ ಮಳೆಯಲ್ಲಿ ಇಳಿಯುತ್ತದೆ. ಕಣ್ಣಿಗೆ ಕಾಣದು, ನಾಲಿಗೆಗೆ ಸಿಗದು. ನಮ್ಮ ಎಣಿಕೆಯ ಯಂತ್ರಕ್ಕೆ ಮಾತ್ರ ಸಿಕ್ಕುತ್ತದೆ. ಬಾಂಬಿಗಿಂತ ಹಿಂದೆ ನೆಲಕ್ಕಿಳಿದ ನೀರಿನಲ್ಲಿ ಅದು ಇಲ್ಲವೆಂದೇ ಹೇಳಬಹುದು. ಒಂದು ನೀರು ಹಳೆಯದೋ ಹೊಸದೋ ಎಂದು ಹೀಗೆ ಗೊತ್ತಾಗುತ್ತದೆ.

ನನಗೆ ಬೇಕಾದದ್ದು ತಿಂಗಳಿಗೊಂದು ಸೀಸೆ ಮಳೆನೀರು. ಜೊತೆಗೆ ನಮ್ಮೂರ ಕಲ್ಲುಬಾವಿಯಿಂದ ಒಂದು ಸೀಸೆ. ಎಪ್ಪತ್ತು ಅಡಿ ಬಂಡೆ ಕೊರೆದು ಇಳಿಸಿದ ಬಾವಿ ಅದು. ನಡುಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವ ನೀರು. ಅದು ನಮ್ಮಜ್ಜಂದಿರ ಕಾಲದ ಮಳೆ ಎಂದು ನನ್ನ ಊಹೆ. ಆ ರುಚಿ ನಿನಗೂ ನೆನಪಿರಬೇಕು.

ನಿಯಮ ಕಟ್ಟುನಿಟ್ಟು. ಸೀಸೆಯ ಚೀಟಿಯಲ್ಲಿ 'ತೆಗೆದವರು' ಎಂಬಲ್ಲಿ ಯಾರ ಹೆಸರಿದೆಯೋ ಅವನೇ ತನ್ನ ಕೈಯಿಂದ ಸೇದಬೇಕು, ಅವನೇ ತುಂಬಬೇಕು, ಅವನೇ ಮೇಣ ಹಾಕಬೇಕು. ಇನ್ನೊಬ್ಬರ ಕೈಗೆ ಬಿಟ್ಟಲ್ಲೆಲ್ಲ ಕೆಟ್ಟಿದೆ. ಒಂದು ಕಡೆ ಜವಾನ ಬಾವಿಗೆ ಹೋಗುವ ಬದಲು ಹತ್ತಿರದ ನಲ್ಲಿಯಲ್ಲಿ ತುಂಬಿ ತಂದಿದ್ದ.

ಹನ್ನೆರಡು ಸೀಸೆ ಚಾಮರಾಜನಗರಕ್ಕೆ ರೈಲಿನಲ್ಲಿ ಕಳಿಸಿದ್ದೇನೆ.

ನಿನ್ನ
ಗುರುಮಲ್ಲಪ್ಪ


ಸೋರೆಹುಂಡಿ
೪-೮-೧೯೫೭

ಮಾನ್ಯ ಗುರುಮಲ್ಲಪ್ಪನವರಿಗೆ ಪುಟ್ಟಮಾದಯ್ಯನ ನಮಸ್ಕಾರಗಳು.

ಪೆಟ್ಟಿಗೆ ತಲುಪಿತು. ಒಂದು ಸೀಸೆಯೂ ಒಡೆದಿಲ್ಲ. ಜುಲೈ ತಿಂಗಳ ಮಳೆ ಕಡಿಮೆಯಾದ್ದರಿಂದ ಮೊದಲನೆಯ ಸೀಸೆ ತುಂಬಲು ಹನ್ನೊಂದು ದಿನ ಹಿಡಿಯಿತು. ಇದರೊಂದಿಗೆ ಕಳಿಸಿದ್ದೇನೆ.

ನಮ್ಮ ತಾಯಿ ದೊಡ್ಡಮಾದಮ್ಮ ಇನ್ನೂ ಇದ್ದಾರೆ. ಸೀಸೆಗಳನ್ನು ಸಾಲಾಗಿ ಜೋಡಿಸಿದ್ದು ನೋಡಿ, "ಏನ್ಲಾ ಮಾದಯ್ಯ, ಸಾರಾಯಂಗಡಿ ಇಟ್ಟಯಾ?" ಎಂದರು. ಮಳೆನೀರು ಮುಂಬಯಿಗೆ ಹೋಗುತ್ತದೆ ಎಂದೆ. "ಯಾಕ, ಆ ಊರ್ಗ ಮಳ ಉಯ್ಯದಿಲ್ವ? ಇಲ್ಲಿ ಒಂದ್ ಕೊಡಕ ಗತಿ ಇಲ್ಲ, ಅಲ್ಲಿಗ ಸೀಸ ಕಳಿಸ್ತನಂತ" ಎಂದು ನನ್ನ ಹೆಂಡತಿ ಸುಂದ್ರಮ್ಮನ ಕಡೆ ತಿರುಗಿ ನಕ್ಕರು. ಬಾಂಬಿನ ವಿಷಯ ಬಿಡಿಸಿ ಹೇಳಿದೆ. "ಅಂಗಾರ ಮ್ಯಾಗಿಂದ ಬರದೂ ಕೆಟ್ಟೋಯ್ತು ಅನ್ನು" ಎಂದರು.

ಒಂದು ವಿಷಯ ಅರಿಕೆ ಮಾಡಿಕೊಳ್ಳಬೇಕು. ನಮ್ಮ ಕೇರಿಗೆ ಬಾವಿ ಇಲ್ಲ. ಕೆರೆ ಏರಿಯ ಕೆಳಗೆ ಸೊಂಟದಾಳದ ಒಂದು ಗುಂಡಿ ಇದೆ. ಶಿವರಾತ್ರಿಯ ಹೊತ್ತಿಗೆ ಅದು ಕೆಸರು. ಆಮೇಲೆ ಹೆಂಗಸರು ಗುಂಡ್ಲು ಹೊಳೆಯ ಮರಳು ಬಗೆಯಲು ಎರಡು ಮೈಲಿ ಹೋಗುತ್ತಾರೆ. ಕೇರಿಗೊಂದು ಬಾವಿ ಮಂಜೂರು ಮಾಡಿಸಬೇಕೆಂದು ನಲವತ್ತು ಮನೆಯವರ ಹೆಬ್ಬೆಟ್ಟು ಹಾಕಿಸಿ ಅರ್ಜಿ ಕೊಟ್ಟು ಮೂರು ವರ್ಷವಾಯಿತು. ತಮಗೆ ನೀರಿನ ಇಂಜಿನಿಯರುಗಳ ಪರಿಚಯವಿದ್ದರೆ ಒಂದು ಮಾತು ಹೇಳಬೇಕು.

ಕಲ್ಲುಬಾವಿಯಿಂದ ನಾನೇ ಸೇದಬೇಕೆಂದು ಬರೆದಿದ್ದೀರಿ. ಮೇಲಿನ ಬೀದಿಯವರು ಯಾರಾದರೂ ಸೇದಿ ಹುಯ್ದು, ನಾನು ದೂರದಿಂದ ಸೀಸೆ ಒಡ್ಡಿದರೆ ಆಗಬಹುದೇ? ಬಾವಿ ಎಲ್ಲಿದೆಯೆಂದು ತಮಗೆ ತಿಳಿದೇ ಇದೆ.

ಇತಿ
ಎಸ್. ಪುಟ್ಟಮಾದಯ್ಯ


ಮುಂಬಯಿ
೩೦-೮-೧೯೫೭

ಪ್ರಿಯ ಪುಟ್ಟಮಾದಯ್ಯ,

ನಿನ್ನ ತಾಯಿಯ ಮಾತನ್ನು ಇಲ್ಲಿನ ಗೆಳೆಯರಿಗೆ ಹೇಳಿದೆ. ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಸೇದುವುದನ್ನು ಇನ್ನೊಬ್ಬರಿಗೆ ಒಪ್ಪಿಸುವಂತಿಲ್ಲ. ಅವರ ಕೊಡದಲ್ಲಿ ಹಿಂದಿನ ದಿನದ ನೀರು ಇರುತ್ತದೆ, ಕೆರೆಯ ನೀರು ಇರುತ್ತದೆ. ಒಂದು ಬೊಗಸೆ ಬೆರೆತರೂ ಎಣಿಕೆ ಹಾಳು. ನೀನೇ, ನಿನ್ನ ಕೈಯಿಂದಲೇ. ಇದರಲ್ಲಿ ಸೋಮಾರಿತನ ಬೇಡ. ಬಾವಿ ನಿನ್ನ ಮನೆಯಿಂದ ಇನ್ನೂರು ಗಜವಿರಬಹುದು ಅಷ್ಟೆ.

ಅರ್ಜಿಯ ವಿಷಯ ನೆನಪಿನಲ್ಲಿದೆ. ನನ್ನ ಎಣಿಕೆಯ ಪಟ್ಟಿ ಸಿದ್ಧವಾದರೆ ಅದರ ಮೇಲೊಂದು ಟಿಪ್ಪಣಿ ಬರೆದು ಮೈಸೂರು ಕಡೆಯ ಇಂಜಿನಿಯರುಗಳಿಗೂ ಕಳಿಸುತ್ತೇನೆ. ನಿಮಗೆ ಅನುಕೂಲವಾಗಬಹುದು.

ನಿನ್ನ
ಗುರುಮಲ್ಲಪ್ಪ


ಸೋರೆಹುಂಡಿ
೨೦-೧೦-೧೯೫೭

ಮಾನ್ಯರಿಗೆ ನಮಸ್ಕಾರಗಳು.

ಎರಡನೆಯ ಮತ್ತು ಮೂರನೆಯ ಸೀಸೆ ಮಳೆನೀರು. ನಾಲ್ಕನೆಯದರ ಚೀಟಿಯಲ್ಲಿ 'ಕಲ್ಲುಬಾವಿ' ಎಂದು ಬರೆದಿದೆ. 'ತೆಗೆದವರು' ಎಂಬಲ್ಲಿ ನನ್ನ ಹೆಸರಿದೆ. ಅದನ್ನು ನಾನೇ, ನನ್ನ ಕೈಯಿಂದಲೇ ತುಂಬಿ ಮೇಣ ಹಾಕಿದ್ದೇನೆ. ಅದರಲ್ಲಿ ಸುಳ್ಳಿಲ್ಲ.

ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕುವಾಗ ಕಂಡಕ್ಟರ್ ಏನಿದು ಎಂದು ಕೇಳಿದ. ನೀರು ಎಂದೆ. "ನಗ್ಸಬ್ಯಾಡಿ ಮೇಷ್ಟ್ರೇ, ತುಪ್ಪ ತಾನೆ?" ಎಂದು ಮೂಸಿ ನೋಡಿದ. ನನ್ನ ಪಕ್ಕದ ಮನೆಯ ಚಿಕ್ಕಮಾದು ಜೊತೆಯಲ್ಲಿದ್ದ. "ತುಪ್ಪ ಆಗಿದ್ರ ನಾವ್ ಮುಟ್ಟುಕ ಬುಡ್ತಿದ್ರಾ?" ಎಂದ. ಬಸ್ಸಿನಲ್ಲಿದ್ದವರು ನಕ್ಕರು.

ಬೇರೆ ಬರೆಯುವುದಿಲ್ಲ.

ಇತಿ
ಎಸ್. ಪುಟ್ಟಮಾದಯ್ಯ


ಮುಂಬಯಿ
೧೮-೨-೧೯೫೮

ಪ್ರಿಯ ಪುಟ್ಟಮಾದಯ್ಯ,

ಎಣಿಕೆ ಬಂತು. ನಿನ್ನ ಮಳೆನೀರಿನಲ್ಲಿ ಆ ಭಾರದ ಜಲಜನಕದ ಅಂಕ ಮೂವತ್ತಮೂರು. ಇದು ನಿರೀಕ್ಷಿಸಿದ್ದೇ. ಕಲ್ಲುಬಾವಿಯದು ಒಂದೋ ಸೊನ್ನೆಯೋ ಬರಬೇಕಿತ್ತು. ಮೂವತ್ತೊಂದು ಬಂದಿದೆ. ಯಂತ್ರ ತಪ್ಪಿತೆಂದು ಮತ್ತೆ ಎಣಿಸಿದೆವು. ಮೂವತ್ತೊಂದೇ.

ಅಂದರೆ ಎಪ್ಪತ್ತು ಅಡಿ ಬಂಡೆಯ ತಳಕ್ಕೂ ಬಾಂಬಿನ ಮಳೆ ಇಳಿದಿದೆ. ಎರಡು ಮೂರು ವರ್ಷದೊಳಗೆ ಇಳಿದಿದೆ. ಹಳೆಯದು ಎಂಬುದು ಎಲ್ಲೂ ಉಳಿದಿಲ್ಲ. ಊರಿನ ನೀರೆಲ್ಲ, ಮೇಲಿನದು ಕೆಳಗಿನದು ಎಂದಿಲ್ಲದೆ, ಒಂದೇ ನೀರು. ನಮ್ಮ ಪ್ರಯೋಗಶಾಲೆಯ ಹಿರಿಯರು ಈ ಅಂಕ ನೋಡಿ ಬಹಳ ಉತ್ಸಾಹಗೊಂಡಿದ್ದಾರೆ. ಪಟ್ಟಿ ಯುರೋಪಿನ ಒಂದು ಸಭೆಗೆ ಹೋಗುತ್ತದೆ. ಟಿಪ್ಪಣಿಯನ್ನು ಇಂಜಿನಿಯರುಗಳಿಗೂ ಕಳಿಸಿದ್ದೇನೆ.

ನನಗೆ ಮಾತ್ರ ಉತ್ಸಾಹವಾಗಲಿಲ್ಲ. ಈ ಊರಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಇಲ್ಲಿನ ಯಾವುದನ್ನೂ ನನ್ನದೆಂದುಕೊಂಡಿಲ್ಲ. ನಿದ್ದೆ ಬಾರದಾಗ ಆ ಬಾವಿಯ ಕಟ್ಟೆ, ಒಳಗಿನ ತಣ್ಣನೆಯ ಕತ್ತಲು, ಕೊಡ ನೀರಿಗೆ ತಾಗುವ ಸದ್ದು, ಇವನ್ನು ನೆನೆಯುವುದು ಅಭ್ಯಾಸ. ಮನುಷ್ಯ ಇನ್ನೂ ಮುಟ್ಟದ ಒಂದು ವಸ್ತು ನನ್ನ ಬಾಲ್ಯದಲ್ಲಿ ಇತ್ತು ಎಂದು ನಂಬಿಕೊಂಡಿದ್ದೆ. ಈಗ ಅದೂ ಪಟ್ಟಿಯಲ್ಲಿ ಒಂದು ಸಾಲು.

ನಿನ್ನ
ಗುರುಮಲ್ಲಪ್ಪ


ಸೋರೆಹುಂಡಿ
೨-೬-೧೯೫೮

ಮಾನ್ಯ ಗುರುಮಲ್ಲಪ್ಪನವರಿಗೆ ನಮಸ್ಕಾರಗಳು.

ಫೆಬ್ರವರಿಯಿಂದ ಉತ್ತರ ಬರೆಯಲಿಲ್ಲ. ಮನ್ನಿಸಬೇಕು.

ಹೋದ ವಾರ ನಮ್ಮ ಅರ್ಜಿಗೆ ಜವಾಬು ಬಂತು. ಇಂಜಿನಿಯರೊಬ್ಬರು ಜೀಪಿನಲ್ಲಿ ಬಂದರು. ಕೇರಿಗೆ ಬರಲಿಲ್ಲ, ನಮ್ಮೂರ ಪಟೇಲರಾದ ನಿಮ್ಮ ಅಣ್ಣನವರ ಜಗುಲಿಯ ಮೇಲೆ ಕುಳಿತು ನಮ್ಮನ್ನು ಕರೆಸಿದರು. ಅವರ ಕೈಯಲ್ಲಿ ಮುಂಬಯಿಯಿಂದ ತಾವು ಕಳಿಸಿದ ಟಿಪ್ಪಣಿಯ ಪ್ರತಿ ಇತ್ತು. ಅದನ್ನು ಓದಿ ಹೇಳಿದರು: ಈ ಊರಿನ ನೀರೆಲ್ಲ ಒಂದೇ ನೀರು, ಕಲ್ಲುಬಾವಿಗೆ ಮಳೆ ಬೇಗ ಇಳಿಯುವುದರಿಂದ ಅಲ್ಲಿ ಕೊರತೆ ಇಲ್ಲ, ಕಾನೂನಿನ ಪ್ರಕಾರ ಆ ಬಾವಿ ಎಲ್ಲರಿಗೂ ಮುಕ್ತ, ಆದ್ದರಿಂದ ಕೇರಿಗೆ ಪ್ರತ್ಯೇಕ ಬಾವಿಯ ಅಗತ್ಯ ಕಾಣುವುದಿಲ್ಲ.

ಚಿಕ್ಕಮಾದು ಕೇಳಿದ: "ಸ್ವಾಮಿ, ಮುಕ್ತ ಅಂದ್ರ ನಾವ್ ಓಗಿ ಸೇದ್ಬೈದಾ?"

ತಮ್ಮ ಅಣ್ಣನವರು ನಗುತ್ತಲೇ, "ಯಾರ್ ಬ್ಯಾಡ ಅಂದರು? ಕಾನೂನ ಅದ ಅಲ್ವಲಾ. ಓಗಿ ಸೇದ್ಕ. ಆಮೇಲ ನಮ್ ಒಲಕ ಕೂಲಿಗ ಬರದೂ ಕಾನೂನ ಪ್ರಕಾರ್ವೇ ಬಾ" ಎಂದರು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ನಾಲ್ಕನೆಯ ಸೀಸೆಯ ನೀರು ಕಲ್ಲುಬಾವಿಯದಲ್ಲ. ನಮ್ಮ ಗುಂಡಿಯದು. ಗುಂಡಿಯಲ್ಲಿ ಹೋದ ವರ್ಷದ ಮಳೆಯಲ್ಲದೆ ಇನ್ನೇನಿರುತ್ತದೆ? ಮೂವತ್ತೊಂದು ಸರಿಯಾಗಿಯೇ ಇದೆ. ಯಂತ್ರ ತಪ್ಪಿಲ್ಲ.

ಇನ್ನೊಬ್ಬರು ಸೇದಬಾರದೆಂದು ತಾವು ಬರೆದಿರಿ. ನಾನು ಸೇದಬಾರದೆಂದು ಊರು ಹೇಳುತ್ತದೆ. ಎರಡು ನಿಯಮದ ನಡುವೆ ನಾನು ಸೀಸೆ ಹಿಡಿದು ಎರಡು ದಿನ ಓಡಾಡಿದೆ. ಕಾರಣ ಬರೆಯಲು ನಾಚಿಕೆಯಾಯಿತು. ತಮಗೆ ಅದು ಹೊಳೆಯಲಿಲ್ಲ ಎಂಬುದನ್ನು ನಂಬಲೂ ಆಗಲಿಲ್ಲ. ಯಾಕೆಂದರೆ ಚಿಕ್ಕಂದಿನಲ್ಲಿ ಆ ಬಾವಿಯ ಹಗ್ಗವನ್ನು ನನ್ನ ಕೈಗೆ ಕೊಟ್ಟವರು ತಾವೇ. "ಇಡ್ಕಳ್ಲಾ ಮಾದ, ಭಾರ ಅದ" ಎಂದಿರಿ. ಹನ್ನೆರಡು ವರ್ಷದ ನಾನು ಹಿಡಿದೆ. ಚಾವಡಿಯಲ್ಲಿ ತಮ್ಮ ತಂದೆಯವರು ಹಗ್ಗ ಕೊಟ್ಟವರು ಯಾರು ಎಂದಾಗ ತಾವು, "ಅವ್ನೇ ಇಡ್ಕಂಡ" ಎಂದಿರಿ. ನಮ್ಮಪ್ಪ ಸಿದ್ದಯ್ಯನನ್ನು ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ ಚಾವಡಿಯ ಕಂಬಕ್ಕೆ ಕಟ್ಟಿದ್ದರು. ಅದಕ್ಕೆ ಮುಂಚೆ ನಮ್ಮ ಹೆಂಗಸರು ಕಟ್ಟೆಯ ಕೆಳಗೆ ಕೊಡ ಇಟ್ಟು ನಿಂತರೆ ಯಾರಾದರೂ ಹುಯ್ಯುತ್ತಿದ್ದರು. ಅಂದಿನಿಂದ ಹುಯ್ಯುವುದೂ ನಿಂತಿತು. ಆ ರುಚಿ ನೆನಪಿರಬೇಕು ಎಂದು ಬರೆದಿದ್ದೀರಿ. ಇಲ್ಲ.

ತಪ್ಪು ನನ್ನದು. ನಾನು ಬರೆದ ಸುಳ್ಳು ಚೀಟಿಯಿಂದ ನಲವತ್ತು ಮನೆಯ ಬಾವಿ ಹೋಯಿತು. ಆ ಅಂಕ ತಪ್ಪೆಂದು ತಾವು ಒಂದು ಸಾಲು ಬರೆದರೆ ಅರ್ಜಿಗೆ ಮತ್ತೆ ಜೀವ ಬರಬಹುದು. ಇಷ್ಟೇ ಬೇಡಿಕೆ.

ಇತಿ
ಎಸ್. ಪುಟ್ಟಮಾದಯ್ಯ


ಮುಂಬಯಿ
೧೧-೭-೧೯೫೮

ಪುಟ್ಟಮಾದಯ್ಯ,

ನಿನ್ನ ಕಾಗದ ಬಂದ ದಿನವೇ ಪಟ್ಟಿಯ ಅಚ್ಚಿನ ಕರಡೂ ಬಂತು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ಯಾರೋ ಹೇಳಿದರೆಂದು ಅಂಕ ಹಿಂತೆಗೆಯಲು ಬರುವುದಿಲ್ಲ. ಹಿಂತೆಗೆದರೆ ನನ್ನ ಉಳಿದ ಅಂಕಗಳನ್ನೂ ಯಾರೂ ನಂಬುವುದಿಲ್ಲ. ಕಲ್ಲುಬಾವಿಯ ನಿಜವಾದ ನೀರು ಬಂದು, ಅದರ ಎಣಿಕೆಯಾದರೆ ಮಾತ್ರ ತಿದ್ದುಪಡಿ ಬರೆಯಬಹುದು. ಬರೆಯುತ್ತೇನೆ.

ನೀನು ಸೇದಲು ಯಾರೂ ಅಡ್ಡಿ ಮಾಡಬಾರದೆಂದು ಅಣ್ಣನಿಗೆ ಕಾಗದ ಹಾಕುತ್ತೇನೆ. ಅದು ತಲುಪಿದ ಮೇಲೆ ಹೋಗು.

ಹಗ್ಗದ ಮಾತು ಬರೆದಿದ್ದೀಯೆ. ಆ ದಿನ ನನಗೂ ನೆನಪಿದೆ. ಬಿಸಿಲಿತ್ತು. ಚಾವಡಿಯ ಸೂರಿನಲ್ಲಿ ಒಂದು ಗುಬ್ಬಿ ಗೂಡು ಕಟ್ಟುತ್ತಿತ್ತು. ಅದು ಎಷ್ಟು ಸಲ ಹುಲ್ಲು ತಂದಿತೆಂದು ಎಣಿಸುತ್ತ ನಿಂತಿದ್ದೆ. ಹದಿನೇಳು ಸಲ.

ಗುರುಮಲ್ಲಪ್ಪ


ಸೋರೆಹುಂಡಿ
೨೪-೮-೧೯೫೮

ಮಾನ್ಯರಿಗೆ ನಮಸ್ಕಾರಗಳು.

ಐದು ವಾರ ಕಾದೆ. ಆಮೇಲೆ ತಮ್ಮ ಅಣ್ಣನವರನ್ನೇ ದಾರಿಯಲ್ಲಿ ನಿಲ್ಲಿಸಿ, ಮುಂಬಯಿಯಿಂದ ಕಾಗದ ಬಂತೇ ಎಂದು ಕೇಳಿದೆ. "ಯಾವ್ ಕಾಗ್ದ? ಅವ್ನು ಬರ್ದು ಎರಡ್ ವರ್ಸ ಆಯ್ತು" ಎಂದರು. ಅಂಚೆಯಲ್ಲಿ ಕಳೆದಿರಬಹುದು.

ಮೊನ್ನೆ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಹೋದೆ. ಕದ್ದು ಹೋಗಲು ಮನಸ್ಸಾಗಲಿಲ್ಲ. ಹೊಸ ಹಗ್ಗ, ಹೊಸ ಬಕೆಟ್, ಒಂಬತ್ತನೆಯ ಸೀಸೆ. ಹೊರಡುವಾಗ ಸುಂದ್ರಮ್ಮ ಒಂದು ಕೊಡ ತಂದು ಮುಂದೆ ಇಟ್ಟಳು. "ಏಟ್ ತಿನ್ನಕ ಓಯ್ತಿದ್ದಯ, ಅದ್ನ ಒಂದ್ ಸೀಸಕ ಯಾಕ ತಿಂದಯ? ಕೊಡವ್ವೂ ತುಂಬ್ಕಂಡು ಬಾ" ಎಂದಳು. ನಿಯಮದಲ್ಲಿ ಕೊಡ ಇಲ್ಲ ಎಂದೆ. "ನಿನ್ ನಿಯಮಕ ಬೆಂಕಿ ಬೀಳ" ಎಂದು ಕೊಡ ಎತ್ತಿಕೊಂಡು ಒಳಗೆ ಹೋದಳು.

ಕಟ್ಟೆಯ ಮೇಲೆ ಐದಾರು ಹೆಂಗಸರಿದ್ದರು. ನಾನು ಮೆಟ್ಟಿಲು ಹತ್ತಿದೊಡನೆ ಮಾತು ನಿಂತಿತು. ಒಬ್ಬ ಮುದುಕಿ ತನ್ನ ಕೊಡವನ್ನು ಕಾಲಿನಿಂದ ಆಚೆ ಸರಿಸಿಕೊಂಡಳು. "ಮೇಷ್ಟ್ರಾಗಿ ನೀನಾರ ತಿಳ್ಕಬ್ಯಾಡ್ವಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. ನಾನು ಹಗ್ಗ ಬಿಟ್ಟೆ. ಬಕೆಟ್ ತಳ ಮುಟ್ಟುವಷ್ಟರಲ್ಲಿ ಕಟ್ಟೆಯ ಮೇಲೆ ನಾನೊಬ್ಬನೇ ಇದ್ದೆ. ಗಂಡಸರು ಬಂದು ಹುಣಸೆಮರದ ಕೆಳಗೆ ನಿಂತರು. ಒಬ್ಬರೂ ಒಂದು ಮಾತಾಡಲಿಲ್ಲ, ಕೈ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೀರು ನೀವು ಹೇಳಿದಷ್ಟೇ ತಣ್ಣಗಿತ್ತು, ಕೈಗೆ ಗೊತ್ತಾಯಿತು. ಸೀಸೆ ತುಂಬಿದೆ. ಅಲ್ಲೇ ಕುಳಿತು ಮೇಣ ಕರಗಿಸಿ ಮುಚ್ಚಿದೆ. ಚೀಟಿ ಬರೆದೆ. ಬಕೆಟ್ಟಿನಲ್ಲಿ ಅರ್ಧ ನೀರು ಉಳಿದಿತ್ತು. ಬಾಯಾರಿತ್ತು. ಆದರೂ ಕುಡಿಯಲಿಲ್ಲ, ಕಲ್ಲಿನ ಮೇಲೆ ಚೆಲ್ಲಿ ಬಂದೆ. ಎಲ್ಲರೂ ನೋಡುತ್ತಿದ್ದರು. ಕುಡಿದರೆ ನೀರಿಗಾಗಿ ಬಂದ ಎಂದುಕೊಳ್ಳುತ್ತಾರೆ. ನಾನು ಬಂದದ್ದು ಅಂಕಕ್ಕಾಗಿ. ಹೀಗೆ ಏನೋ ಯೋಚನೆ. ಈಗ ಅದು ಯೋಚನೆಯಂತೆ ಕಾಣುವುದಿಲ್ಲ.

ಇತಿ
ಎಸ್. ಪುಟ್ಟಮಾದಯ್ಯ


ಸೋರೆಹುಂಡಿ
೩-೯-೧೯೫೮

ಮಾನ್ಯರಿಗೆ ನಮಸ್ಕಾರಗಳು.

ಸೀಸೆ ತಲುಪಿರಬಹುದು. ಅದನ್ನು ಜೋಪಾನ ಮಾಡಬೇಕು. ಇನ್ನೊಂದು ಸಿಕ್ಕುವುದಿಲ್ಲ.

ನಾನು ಸೇದಿದ ನಾಲ್ಕನೆಯ ದಿನ ಕಲ್ಲುಬಾವಿಗೆ ಎರಡು ಡಬ್ಬ ಸೀಮೆಎಣ್ಣೆ ಸುರಿದರು. ಮೇಲಿನ ಬೀದಿಗೆ ಈಗ ಆ ಬಾವಿ ಬೇಕಿಲ್ಲ. ತಮ್ಮ ಅಣ್ಣನವರ ತೋಟದಲ್ಲಿ ಹೊಸ ಬಾವಿ, ಆಯಿಲ್ ಇಂಜಿನ್ ಆಗಿದೆ. ತೋಟ ಸ್ವಂತದ್ದು, ಅಲ್ಲಿಗೆ ಕಾನೂನು ಬರುವುದಿಲ್ಲ. ಪಟೇಲರು ಚಿಕ್ಕಮಾದುವನ್ನು ಕರೆದು, "ಕಲ್ಬಾವಿ ಇನ್ಮೇಲ ಪೂರಾ ನಿಮ್ದೇ ಕಣ್ಲಾ. ಸೇದ್ಕಂಡು ಕುಡೀರಿ. ದೀಪಕೂ ಆಯ್ತದ" ಎಂದರಂತೆ.

ಕೂಲಿಗೆ ಕರೆಯುವುದನ್ನೂ ನಿಲ್ಲಿಸಿದ್ದಾರೆ. ನಾಲ್ಕು ಮನೆಯವರು ಆಗಲೇ ಊಟಿಯ ಟೀ ತೋಟಗಳಿಗೆ ಹೊರಟರು. ಯಾರೂ ನನ್ನನ್ನು ಬೈಯುವುದಿಲ್ಲ. ಹೋಗುವವರು ನಮ್ಮ ಮನೆ ಮುಂದೆ ನಿಂತು, "ಬತ್ತಿಂವಿ ಮೇಷ್ಟ್ರೇ" ಎಂದು ಹೇಳಿಯೇ ಹೋಗುತ್ತಾರೆ.

ಇತಿ
ಎಸ್. ಪುಟ್ಟಮಾದಯ್ಯ


ಮುಂಬಯಿ
೨೦-೧-೧೯೫೯

ಪ್ರಿಯ ಪುಟ್ಟಮಾದಯ್ಯ,

ಒಂಬತ್ತನೆಯ ಸೀಸೆಯ ಅಂಕ ಸೊನ್ನೆ. ಮೂರು ಸಲ ಎಣಿಸಿದೆವು. ಈ ದೇಶದಿಂದ ನಮಗೆ ಬಂದ ಇನ್ನೂರು ಚಿಲ್ಲರೆ ಸೀಸೆಗಳಲ್ಲಿ ಸೊನ್ನೆ ಬಂದದ್ದು ಇದೊಂದೇ. ಬಾಂಬು ಎಂಬ ಮಾತು ಹುಟ್ಟುವ ಮುಂಚೆ ಬಿದ್ದ ಮಳೆ ಅದು. ನಮ್ಮಜ್ಜನ ಕಾಲದ್ದಿರಬಹುದು, ಅದಕ್ಕೂ ಹಿಂದಿನದಿರಬಹುದು.

ತಿದ್ದುಪಡಿ ಬರೆದು ಕಳಿಸಿದೆ. ಒಂದೇ ಬಾವಿಗೆ ಮೂವತ್ತೊಂದು ಒಮ್ಮೆ, ಸೊನ್ನೆ ಒಮ್ಮೆ ಬಂದದ್ದರಿಂದ ಯುರೋಪಿನ ಸಭೆಯವರು ಗುಂಡ್ಲುಪೇಟೆ ಕೇಂದ್ರವನ್ನೇ ಪಟ್ಟಿಯಿಂದ ಹೊಡೆದುಹಾಕಿದ್ದಾರೆ. ಅದು ವಿಜ್ಞಾನದ ಕ್ರಮ, ತಪ್ಪೆನ್ನಲಾರೆ. ಇಂಜಿನಿಯರುಗಳಿಗೂ ಬರೆದೆ. ಅಚ್ಚಾದ ತಿದ್ದುಪಡಿ ಇದ್ದರೆ ಕಳಿಸಿ ಎಂದು ಉತ್ತರ ಬಂತು. ಅಚ್ಚಾಗಿಲ್ಲ.

ಇನ್ನೊಂದು ವಿಷಯ. ಅಣ್ಣನಿಗೆ ಬರೆಯುತ್ತೇನೆ ಎಂದಿದ್ದೆ. ಬರೆದೆ. ಲಕೋಟೆಯ ಮೇಲೆ ವಿಳಾಸವನ್ನೂ ಬರೆದೆ. ಅದು ಇನ್ನೂ ನನ್ನ ಡ್ರಾಯರಿನಲ್ಲಿದೆ. ಅಂಚೆಯಲ್ಲಿ ಕಳೆದಿಲ್ಲ.

ಎಣಿಸಿ ಉಳಿದ ನೀರು ಸೀಸೆಯಲ್ಲಿ ನಾಲ್ಕು ಬೆರಳಿನಷ್ಟಿದೆ. ಬರುವ ತಿಂಗಳು ಬೀರುಗಳನ್ನೆಲ್ಲ ತೆರವು ಮಾಡುತ್ತಾರೆ. ಅದನ್ನು ಏನು ಮಾಡಲಿ?

ನಿನ್ನ
ಗುರುಮಲ್ಲಪ್ಪ


ಸೋರೆಹುಂಡಿ
೨೯-೩-೧೯೫೯

ಗುರು,

ಇನ್ನು ನಿನ್ನನ್ನು ತಾವು, ನೀವು ಎನ್ನುವುದಿಲ್ಲ.

ಜನವರಿಯಲ್ಲಿ ಮಳೆ ಇಲ್ಲ. ಫೆಬ್ರವರಿಯಲ್ಲಿ ಇಲ್ಲ. ಈ ತಿಂಗಳು ಇಲ್ಲ. ಗುಂಡಿ ಒಣಗಿ ಮೂರು ವಾರವಾಯಿತು. ನಮ್ಮವ್ವ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಹೊಳೆಯ ಮರಳು ಬಗೆಯಲು ಹೋಗಿದ್ದಳು. ಕೇರಿಯಲ್ಲಿ ಉಳಿದಿರುವುದು ಹತ್ತೊಂಬತ್ತು ಮನೆ.

ಅರ್ಜಿಯ ಮರುವಿಚಾರಣೆ ಮೇ ನಾಲ್ಕನೆಯ ತಾರೀಕು ಸೋಮವಾರ ಹನ್ನೆರಡು ಗಂಟೆಗೆ, ಗುಂಡ್ಲುಪೇಟೆಯಲ್ಲಿ. ಇದೇ ಕೊನೆಯದೆಂದು ಹೇಳಿದ್ದಾರೆ. ಕಾಗದ ಸಾಲದು, ಟಿಪ್ಪಣಿ ಬರೆದವರೇ ಬಂದು ತಪ್ಪಾಗಿದೆ ಎಂದರೆ ಬರೆದುಕೊಳ್ಳುತ್ತೇವೆ ಎಂದು ಆ ಇಂಜಿನಿಯರೇ ಹೇಳಿದರು. ಒಳ್ಳೆಯವರಂತೆ ಕಾಣುತ್ತಾರೆ.

ನೀನು ಬಾ. ಸೀಸೆಯನ್ನೂ ತಾ. ವಿಚಾರಣೆಯಲ್ಲಿ ಅಂಕ ತಪ್ಪು ಎಂದು ಹೇಳು. ಆಮೇಲೆ ಊರಿಗೆ ಬಂದು, ನಮ್ಮಪ್ಪನನ್ನು ಕಟ್ಟಿದ್ದ ಕಂಬದ ಹತ್ತಿರ ನಿಂತು, ಹಗ್ಗ ಕೊಟ್ಟವರು ಯಾರೆಂದು ಹೇಳಿ, ಆ ನಾಲ್ಕು ಬೆರಳು ನೀರನ್ನು ಕುಡಿ. ನಾನು ಮುಟ್ಟಿ ಸೇದಿದ ನೀರು. ಮುಂಬಯಿಯಲ್ಲಿ ಕುಡಿದರೆ ಲೆಕ್ಕಕ್ಕಿಲ್ಲ.

ಎರಡನೆಯದು ಆಗದಿದ್ದರೂ ಚಿಂತೆಯಿಲ್ಲ. ಮೊದಲನೆಯದಕ್ಕೆ ಬಾ.

ಪುಟ್ಟಮಾದಯ್ಯ


ಮುಂಬಯಿ
೨೪-೫-೧೯೫೯

ಪುಟ್ಟಮಾದಯ್ಯ,

ನಾನು ಬರಲಿಲ್ಲ ಎಂದು ನೀನು ತಿಳಿದಿದ್ದೀಯೆ. ನಾನು ಬಂದಿದ್ದೆ.

ಮೇ ನಾಲ್ಕರ ಬೆಳಿಗ್ಗೆ ಒಂಬತ್ತೂವರೆಗೆ ಚಾಮರಾಜನಗರದ ಸ್ಟೇಷನ್ನಿನಲ್ಲಿ ಇಳಿದೆ. ಸೀಸೆ ಕೈಚೀಲದಲ್ಲಿತ್ತು, ಟವೆಲಿನಲ್ಲಿ ಸುತ್ತಿ ಇಟ್ಟಿದ್ದೆ. ಹೊರಗೆ ಗುಂಡ್ಲುಪೇಟೆಯ ಬಸ್ಸು ನಿಂತಿತ್ತು. ಡ್ರೈವರ್ ಇಂಜಿನ್ ಶುರು ಮಾಡಿದ್ದ. ಪ್ಲಾಟ್‌ಫಾರಂ ಮೇಲೆ ಅಣ್ಣ ನಿಂತಿದ್ದ. ಬರುತ್ತೇನೆಂದು ಅವನಿಗೆ ನಾನೇ ಬರೆದಿದ್ದೆ. ಈ ಸಲದ ಕಾಗದವನ್ನು ಮಾತ್ರ ಅಂಚೆಗೆ ಹಾಕಿದ್ದೆ. ಯಾಕೆ ಹಾಕಿದೆ ಎಂದು ರೈಲಿನಲ್ಲಿ ಎರಡು ದಿನ ನನ್ನನ್ನೇ ಕೇಳಿಕೊಂಡು ಬಂದೆ. ಅವನು ಬಂದು ನನ್ನನ್ನು ತಡೆಯಲಿ ಎಂದಿರಬೇಕು.

ಅವನು ತಡೆಯಲಿಲ್ಲ. ಅವನ ಕೂದಲು ಪೂರಾ ಬೆಳ್ಳಗಾಗಿದೆ. ಕೈಯಲ್ಲಿ ಹಿತ್ತಾಳೆಯ ಚೊಂಬಿತ್ತು. "ಬಾಯಾರಿರ್ಬೇಕು ಕಣ್ಲಾ ಗುರು. ತಕ. ತೋಟದ್ ಬಾವಿ ನೀರು" ಎಂದ. ಕುಡಿದೆ. ಚೊಂಬು ಖಾಲಿಯಾಗುವವರೆಗೂ ಎತ್ತಿ ಕುಡಿದೆ. ಚೆನ್ನಾಗಿತ್ತು. ಅದನ್ನು ಬರೆಯದೆ ಬಿಡಬಹುದಿತ್ತು.

"ಅರ್ಜಿ ವಿಚಾರ ಮಾತಾಡಕ ಬಂದಯಾ, ಇಲ್ಲ ನಮ್ಮನ್ನ ನೋಡಕ ಬಂದಯಾ?" ಎಂದು ಕೇಳಿದ. ಸಿಟ್ಟಿಲ್ಲದೆ, ಸುಮ್ಮನೆ ತಿಳಿದುಕೊಳ್ಳುವವನಂತೆ ಕೇಳಿದ. ನಮ್ಮಪ್ಪ ಚಾವಡಿಯಲ್ಲಿ ಕೇಳಿದ್ದೂ ಹೀಗೆಯೇ, ಇದೇ ದನಿಯಲ್ಲಿ.

"ಸುಮ್ನ ಬಂದಿ ಕಣಣ್ಣ" ಎಂದೆ.

ಅಷ್ಟರಲ್ಲಿ ಬಸ್ಸು ಹೊರಟಿತು. ನಾನು ಅದನ್ನು ನೋಡುತ್ತ ನಿಂತಿದ್ದೆ. ಮಧ್ಯಾಹ್ನದ ಗಾಡಿಗೆ ಹಿಂದಿರುಗಿದೆ.

ಅರ್ಜಿ ವಜಾ ಆಯಿತೆಂದು ಅಣ್ಣ ಬರೆದಿದ್ದಾನೆ. ಎರಡು ಗಂಟೆಯವರೆಗೆ ಅವರು ಕಾದರಂತೆ. ಅಲ್ಲಿಯವರೆಗೂ ನೀನು ಬಾಗಿಲ ಕಡೆಯೇ ನೋಡುತ್ತಿದ್ದೆಯಂತೆ. ನೀನು ಬೇಗೂರಿನ ಶಾಲೆಗೆ ವರ್ಗ ಮಾಡಿಸಿಕೊಂಡೆ, ಕೇರಿಯಲ್ಲಿ ಈಗ ಆರು ಮನೆ ಎಂದೂ ಬರೆದಿದ್ದಾನೆ. ದೊಡ್ಡಮಾದಮ್ಮನ ಸುದ್ದಿ ಬರೆದಿಲ್ಲ. ನಾನು ಕೇಳಿರಲಿಲ್ಲ.

ಸೀಸೆ ನನ್ನ ಮೇಜಿನ ಮೇಲಿದೆ. ಕುಡಿದಿಲ್ಲ, ಚೆಲ್ಲಿಲ್ಲ. ಎಣಿಕೆಗೆ ತೆಗೆದಾಗ ಮೇಣ ಒಡೆದಿತ್ತು, ಮುಚ್ಚಳ ಈಗ ಭದ್ರವಾಗಿ ಕೂರುವುದಿಲ್ಲ. ಹಿಂದಿರುಗಿದ ದಿನ ನೀರಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದೆ. ಈಗ ನೀರು ಗೆರೆಗಿಂತ ಒಂದು ಕೂದಲೆಳೆ ಕೆಳಗಿದೆ. ಇಲ್ಲಿ ಮುಂಗಾರಿಗೆ ಮುಂಚಿನ ಸೆಕೆ, ಗಾಳಿಯೆಲ್ಲ ತೇವ. ಸೀಸೆಯ ನೀರು ಸ್ವಲ್ಪ ಗಾಳಿಗೆ ಹೋಗುತ್ತದೆ, ಗಾಳಿಯ ತೇವ ಸ್ವಲ್ಪ ಸೀಸೆಗೆ ಇಳಿಯುತ್ತದೆ. ಆ ತೇವದಲ್ಲಿ ಏನಿದೆಯೆಂದು ನಿನಗೆ ಗೊತ್ತು, ನಿನ್ನ ತಾಯಿಗೂ ಗೊತ್ತು. ಈಗ ಎಣಿಸಿದರೆ ಸೊನ್ನೆ ಬರಲಾರದು. ಮುಚ್ಚಳಕ್ಕೆ ಮೇಣ ಹಾಕಲು ಐದು ನಿಮಿಷ ಸಾಕು. ಮೇಣವೂ ಪಕ್ಕದಲ್ಲೇ ಇದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಬಂದು ನೋಡುತ್ತೇನೆ, ಗೆರೆಗಿಂತ ಎಷ್ಟು ಕೆಳಗಿಳಿಯಿತೆಂದು ಬರೆದುಕೊಳ್ಳುತ್ತೇನೆ.

ಚೀಟಿ ಹಾಗೆಯೇ ಇದೆ. 'ತೆಗೆದವರು' ಎಂಬಲ್ಲಿ ನಿನ್ನ ಹೆಸರು ಸ್ವಲ್ಪವೂ ಮಾಸಿಲ್ಲ.

ಇತಿ
ಹಗ್ಗ ಕೊಟ್ಟವನು,
ಗುರುಮಲ್ಲಪ್ಪ